ಕಡಿಮೆ ದರದ ಲೆಕ್ಕದಲ್ಲಿ ಬಿಟ್ಟುಹೋದದ್ದು

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾರ್ಯದರ್ಶಿಗಳು ನನಗೆ ಕೊಟ್ಟಿರುವ ವಿಷಯ ‘ಸರ್ಕಾರ ಮತ್ತು ವ್ಯಾಪಾರದಲ್ಲಿ ಸುಸ್ಥಿರ ಖರೀದಿ’. ಉರ್ದು, ಕನ್ನಡ ಪಾಠ ಮಾಡುವವಳಿಗೆ ಈ ವಿಷಯ ಯಾಕೆ ಸರ್ ಎಂದು ಕೇಳಿದೆ. “ಟೀಚರ್, ನಿಮ್ಮ ಶಾಲೆಯ ಖರೀದಿ ಸಮಿತಿಯಲ್ಲಿ ನೀವೇ ಇದ್ದೀರಲ್ಲ, ಇನ್ಯಾರು ಮಾತಾಡಬೇಕು?” ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಭಾಷೆಯ ಶಿಕ್ಷಕಿಯಾದ್ದರಿಂದ ಮೊದಲು ಪದಗಳಿಂದಲೇ ಆರಂಭಿಸುತ್ತೇನೆ. ಖರೀದಿ, ರಸೀದಿ, ಜಮಾ, ಖರ್ಚು, ತಖ್ತೆ, ಸರಬರಾಜು. ಸರ್ಕಾರಿ ಕಚೇರಿಯ ಕಡತದಲ್ಲಿ ದಿನವೂ ಕಾಣುವ ಈ ಮಾತುಗಳು ಫಾರಸಿ, ಅರಬ್ಬಿಯಿಂದ ಬಂದು ಕನ್ನಡದ ಮನೆಯವೇ ಆಗಿಹೋಗಿವೆ. ‘ಸುಸ್ಥಿರ’ ಎಂಬ ಪದ ಮಾತ್ರ ನಮ್ಮ ಮಕ್ಕಳಿಗೆ ಕಷ್ಟ. ನಾನು ತರಗತಿಯಲ್ಲಿ ಅದನ್ನು ಹೀಗೆ ಬಿಡಿಸುತ್ತೇನೆ: ಇವತ್ತು ನಾವು ಕೊಳ್ಳುವ ವಸ್ತು ನಾಳೆಯೂ ಕೆಲಸಕ್ಕೆ ಬರಬೇಕು, ಅದನ್ನು ಮಾಡಿದವನ ಮನೆಯಲ್ಲಿ ಒಲೆ ಉರಿಯಬೇಕು, ಅದು ಕೆಟ್ಟ ಮೇಲೆ ನಮ್ಮ ಊರಿನ ಚರಂಡಿ ಕಟ್ಟಿಕೊಳ್ಳಬಾರದು. ಇಷ್ಟನ್ನೂ ನೋಡಿ ಕೊಂಡರೆ ಅದು ಸುಸ್ಥಿರ ಖರೀದಿ. ನಮ್ಮ ದೇಶದಲ್ಲಿ ಸರ್ಕಾರಗಳು ಮತ್ತು ಸರ್ಕಾರಿ ಸಂಸ್ಥೆಗಳು ಮಾಡುವ ಖರೀದಿ ಒಟ್ಟು ದೇಶೀಯ ಉತ್ಪನ್ನದ ಶೇ. 15ರಿಂದ 20ರಷ್ಟಿದೆ ಎಂಬ ಅಂದಾಜಿದೆ. ಇಷ್ಟು ದೊಡ್ಡ ಗಿರಾಕಿ ಇನ್ನೊಬ್ಬನಿಲ್ಲ. ಈ ಗಿರಾಕಿ ಏನು ಕೇಳುತ್ತಾನೋ ಮಾರುಕಟ್ಟೆ ಅದನ್ನೇ ತಯಾರಿಸುತ್ತದೆ.

ಈಗ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ 180 ಮಕ್ಕಳಿಗೆ ಹೊಲಿದ ಸಮವಸ್ತ್ರ ಕೊಳ್ಳಬೇಕಿತ್ತು. ನಿಯಮದಂತೆ ಮೂರು ಕೊಟೇಶನ್ ಕರೆದೆವು. ದರಗಳ ಹೋಲಿಕೆ ತಖ್ತೆಯನ್ನು ಬರೆದವಳು ನಾನೇ, ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ. ಒಬ್ಬರ ದರ ಉಳಿದಿಬ್ಬರಿಗಿಂತ ಜೊತೆಯೊಂದಕ್ಕೆ 18 ರೂಪಾಯಿ ಕಡಿಮೆ ಇತ್ತು. ಕೆಂಪು ಶಾಯಿಯಲ್ಲಿ ಅದಕ್ಕೆ ಗೆರೆ ಎಳೆದು ‘ಅತಿ ಕಡಿಮೆ ದರ, ಅಂಗೀಕರಿಸಬಹುದು’ ಎಂದು ಬರೆದು ಸಹಿ ಮಾಡಿದೆ. ಶಾಲೆಗೆ 3,240 ರೂಪಾಯಿ ಉಳಿಯಿತು. ಮುಖ್ಯ ಗುರುಗಳು ಸಭೆಯಲ್ಲಿ ನನ್ನನ್ನು ಹೊಗಳಿದರು ಕೂಡ.

ಜೂನ್‌ನಲ್ಲಿ ಕೊಟ್ಟ ಅಂಗಿಗಳ ಬಣ್ಣ ದಸರಾ ರಜೆಗೆ ಮೊದಲೇ ಹೋಯಿತು. ಚಡ್ಡಿಗಳ ಹೊಲಿಗೆ ಬಿಟ್ಟಿತು. ಬಹಳಷ್ಟು ತಾಯಂದಿರು ಕೈಯಿಂದ ಖರ್ಚು ಮಾಡಿ ಮತ್ತೆ ಹೊಲಿಸಿದರು. ಹೊಲಿಸಲಾಗದವರ ಮಕ್ಕಳು ಹಾಗೆಯೇ ಬಂದರು. ಪ್ರಾರ್ಥನೆಯ ಸಾಲಿನಲ್ಲಿ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದ ಆ ಮಕ್ಕಳನ್ನು ನೋಡಿದಾಗ ಶಾಲೆ ಉಳಿಸಿದ ಆ 3,240 ರೂಪಾಯಿ ಯಾರ ಜೇಬಿನಿಂದ ಬಂತು ಎಂಬುದು ನನಗೆ ಅರ್ಥವಾಗತೊಡಗಿತು.

ಇದರ ಇನ್ನೊಂದು ಭಾಗ ತಡವಾಗಿ ತಿಳಿಯಿತು. ಆ ಸಮವಸ್ತ್ರಗಳನ್ನು ಹೊಲಿದವರು ನಮ್ಮ ಮೊಹಲ್ಲಾದ ಹೆಂಗಸರೇ. ಸರಬರಾಜುದಾರರು ದರ ಇಳಿಸಿದ್ದರಲ್ಲ, ಆ 18 ರೂಪಾಯಿಯನ್ನು ಅವರು ತಮ್ಮ ಲಾಭದಿಂದ ಬಿಟ್ಟುಕೊಟ್ಟಿರಲಿಲ್ಲ. ಅಗ್ಗದ ಬಟ್ಟೆ ತಂದಿದ್ದರು, ಹೊಲಿಗೆಯ ಕೂಲಿ ಕಡಿಮೆ ಮಾಡಿದ್ದರು. ನಮ್ಮ ಶಾಲೆಯ ಬಿಲ್ ಪಾಸಾಗುವುದು ಏಳು ತಿಂಗಳು ತಡವಾದ್ದರಿಂದ ಆ ಹೆಂಗಸರ ಕೂಲಿಯೂ ಅಷ್ಟೇ ತಡವಾಯಿತು. ಅವರಲ್ಲೊಬ್ಬರು ನನ್ನ ಅಮ್ಮಿಯ ಗೆಳತಿ. ಅಮ್ಮಿ ನನಗೆ ಏನೂ ಹೇಳಲಿಲ್ಲ. ಗೆಳತಿಗೆ ಮಾತ್ರ ಸಾಲವಾಗಿ ಒಂದಿಷ್ಟು ಹಣ ಕೊಟ್ಟಿದ್ದರು.

ಅಮ್ಮಿಗೆ ಆ ಕಷ್ಟ ಹೊಸದಲ್ಲ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅವರೂ ಇಂಥದ್ದೇ ಆರ್ಡರಿನ ಬಟ್ಟೆ ಹೊಲಿಯುತ್ತಿದ್ದರು. ನನ್ನ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಉರ್ದು ಅಂಕಿಗಳಲ್ಲಿ ಲೆಕ್ಕ ಬರೆದಿಡುತ್ತಿದ್ದರು: ಎಷ್ಟು ಚಡ್ಡಿ, ಎಷ್ಟು ಅಂಗಿ, ಎಷ್ಟು ಬಂತು, ಎಷ್ಟು ಬಾಕಿ. ಬಾಕಿಯ ಕಾಲಂ ಯಾವಾಗಲೂ ಉದ್ದವಾಗಿರುತ್ತಿತ್ತು. ಆ ಹಾಳೆಗಳನ್ನು ನೋಡುತ್ತ ಬೆಳೆದು, ಬಿ.ಎಡ್. ಮುಗಿಸಿ, ಕೆಲಸಕ್ಕೆ ಸೇರಿದವಳು ನಾನು. ಆ ಕಾಲಂ ಇನ್ನೊಬ್ಬರ ಮನೆಯಲ್ಲಿ ಉದ್ದವಾಗುವುದಕ್ಕೆ ನಾನೇ ಸಹಿ ಹಾಕಿದ್ದೆ. ನಾನು ಲಂಚ ತೆಗೆದುಕೊಳ್ಳಲಿಲ್ಲ, ನಿಯಮ ಮುರಿಯಲಿಲ್ಲ. ಬಟ್ಟೆಯನ್ನು ಮುಟ್ಟಿ ನೋಡಲಿಲ್ಲ, ಅಷ್ಟೇ.

ನಮ್ಮ ಮನೆಗಳಲ್ಲಿ ಹಿರಿಯರು ಹೇಳುವ ಮಾತು ನಿಮಗೆ ಗೊತ್ತಿದೆ: ‘ಮಹಂಗಾ ರೋಯೇ ಏಕ್ ಬಾರ್, ಸಸ್ತಾ ರೋಯೇ ಬಾರ್ ಬಾರ್.’ ದುಬಾರಿ ಮಾಲು ಕೊಂಡವನು ಒಮ್ಮೆ ಅಳುತ್ತಾನೆ, ಸೋವಿ ಮಾಲು ಕೊಂಡವನು ಮತ್ತೆ ಮತ್ತೆ ಅಳುತ್ತಾನೆ. ಮನೆಗೆ ಕುಕ್ಕರ್ ಕೊಳ್ಳುವಾಗ ಈ ಮಾತು ನಮಗೆ ನೆನಪಿರುತ್ತದೆ. ಸಂಸ್ಥೆಯ ಹಣದಲ್ಲಿ, ಸರ್ಕಾರದ ಹಣದಲ್ಲಿ ಕೊಳ್ಳುವಾಗ ಮರೆತುಹೋಗುತ್ತದೆ. ಯಾಕೆ? ಲೆಕ್ಕಪರಿಶೋಧಕರು ಬಂದಾಗ ಕಡಿಮೆ ದರ ಆರಿಸಿದವನನ್ನು ಯಾರೂ ಪ್ರಶ್ನಿಸುವುದಿಲ್ಲ. ಹೆಚ್ಚು ದರ ಆರಿಸಿದವನು ಮಾತ್ರ ಉತ್ತರ ಕೊಡಬೇಕಾಗುತ್ತದೆ. ಈ ಭಯದಿಂದಲೇ ಅರ್ಧ ದೇಶದ ಖರೀದಿ ನಡೆಯುತ್ತಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಆದರೆ ಕಾನೂನು ಹಾಗೆ ಹೇಳುತ್ತದೆಯೇ? ನಾನು ಆಮೇಲೆ ಓದಿ ನೋಡಿದೆ. ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗಾಗಿ ನಮ್ಮ ರಾಜ್ಯದಲ್ಲಿ 1999ರ ಕಾಯ್ದೆ ಇದೆ. ಅದರ ಆಶಯ ಒಳ್ಳೆಯದು, ಗುಟ್ಟಾಗಿ ಬೇಕಾದವರಿಗೆ ಕೆಲಸ ಕೊಡಬಾರದು ಎಂಬುದು. ಅಲ್ಲಿಯೂ ಕಡಿಮೆ ಟೆಂಡರ್ ಎಂದರೆ ಮೊದಲೇ ತಿಳಿಸಿದ ಮೌಲ್ಯಮಾಪನದ ಮಾನದಂಡಗಳ ಪ್ರಕಾರ ಕಡಿಮೆ ಎಂದು ಕಂಡುಬಂದದ್ದು. ಎಂದರೆ ಮಾನದಂಡ ಬರೆಯುವ ಅವಕಾಶ ಖರೀದಿಸುವವರಿಗೆ ಇದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ವಿದ್ಯುತ್ ಉಪಕರಣ ಕೊಳ್ಳುವಾಗ ನಿಗದಿತ ಸ್ಟಾರ್ ರೇಟಿಂಗ್ ಇರಬೇಕು ಎನ್ನುತ್ತವೆ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೊರಡಿಸಿದ ಸೂಚನೆಗಳು ಕಾಮಗಾರಿ ಮತ್ತು ಕೆಲವು ಬಗೆಯ ಸೇವೆಗಳಲ್ಲಿ, ಷರತ್ತುಗಳಿಗೆ ಒಳಪಟ್ಟು, ಗುಣಮಟ್ಟಕ್ಕೆ ಶೇ. 30ರವರೆಗೆ ಅಂಕ ಕೊಡಲು ಅವಕಾಶ ಮಾಡಿದವು. ಬಾಗಿಲು ಇದೆ. ನಾವು ತಳ್ಳಿ ನೋಡುವುದಿಲ್ಲ. ನಮ್ಮ ಸಮವಸ್ತ್ರದ ಕೊಟೇಶನ್ ಪತ್ರದಲ್ಲಿ ನಾನು ಬರೆದದ್ದು ‘ನೀಲಿ ಚಡ್ಡಿ, ಬಿಳಿ ಅಂಗಿ, 180 ಜೊತೆ’ ಎಂದಷ್ಟೇ. ಹತ್ತು ಸಲ ಒಗೆದರೂ ಬಣ್ಣ ಬಿಡಬಾರದು, ಮಾದರಿ ಬಟ್ಟೆ ಮೊದಲೇ ಕೊಡಬೇಕು, ಜೋಡು ಹೊಲಿಗೆ ಇರಬೇಕು ಎಂದು ಮೂರು ಸಾಲು ಸೇರಿಸಿದ್ದರೆ ಆ ಕಡಿಮೆ ದರದ ಕೊಟೇಶನ್ ಬರುತ್ತಲೇ ಇರಲಿಲ್ಲ.

ಸರ್ಕಾರ ಸರಿಯಾಗಿ ಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಗಳಲ್ಲೇ ಸಾಕ್ಷಿ ಇದೆ. ತಲೆ ಎತ್ತಿ ಎಲ್‌ಇಡಿ ಬಲ್ಬ್ ನೋಡಿ. 2014ರ ಆರಂಭದಲ್ಲಿ ಕೇಂದ್ರ ಸರ್ಕಾರದ ಉದ್ದಿಮೆಗಳು ಸೇರಿ ಸ್ಥಾಪಿಸಿದ ಇಇಎಸ್‌ಎಲ್ ಕಂಪನಿ ಒಂದು ಬಲ್ಬಿಗೆ ಕೊಟ್ಟ ಸಗಟು ಬೆಲೆ 310 ರೂಪಾಯಿ. ಅಂಗಡಿಯಲ್ಲಿ ಇನ್ನೂ ಹೆಚ್ಚು. ಬಡವರ ಮನೆಗೆ ಅದು ಬರುವಂತಿರಲಿಲ್ಲ. ಆ ಕಂಪನಿ ಗುಣಮಟ್ಟದ ಷರತ್ತುಗಳನ್ನು ಹಾಕಿ, ಕೋಟಿಗಟ್ಟಲೆ ಬಲ್ಬುಗಳಿಗೆ ಒಟ್ಟಿಗೇ ಟೆಂಡರ್ ಕರೆಯಿತು. ಇಷ್ಟು ಮಾಲು ಖಂಡಿತ ಹೋಗುತ್ತದೆ ಎಂದು ಗೊತ್ತಾದಾಗ ತಯಾರಕರು ಕಾರ್ಖಾನೆ ವಿಸ್ತರಿಸಿದರು. 2016ರ ಹೊತ್ತಿಗೆ ಅದೇ ಕಂಪನಿ ಕೊಡುವ ಬೆಲೆ 38 ರೂಪಾಯಿಗೆ ಇಳಿಯಿತು. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಬಲ್ಬುಗಳು ಮನೆಗಳಿಗೆ ಹೋದವು. ನಮ್ಮ ರಾಜ್ಯದಲ್ಲಿ ಅದನ್ನು ‘ಹೊಸ ಬೆಳಕು’ ಎಂದು ಕರೆದರು. ವಿದ್ಯುತ್ ಬಿಲ್ ಕೌಂಟರಿನ ಹತ್ತಿರ ಸಾಲಿನಲ್ಲಿ ನಿಂತು ತಂದದ್ದು ಹಿರಿಯರಿಗೆ ನೆನಪಿರಬಹುದು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಸರ್ಕಾರ ಮೊದಲು ದುಬಾರಿ ಬಲ್ಬನ್ನೇ ಆರಿಸಿತು. ಆ ದಿನ ‘ಅತಿ ಕಡಿಮೆ ದರ’ ನೋಡಿದ್ದರೆ ಹತ್ತಿಪ್ಪತ್ತು ರೂಪಾಯಿಯ ಹಳೆಯ ಗಾಜಿನ ಬಲ್ಬೇ ಗೆಲ್ಲುತ್ತಿತ್ತು.

ಬರೆದ ಒಂದು ಸಾಲು ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ನಮ್ಮ ಭಾಗದಲ್ಲೇ ಇನ್ನೊಂದು ಉದಾಹರಣೆ ಇದೆ. ಹುಬ್ಬಳ್ಳಿಯ ಬೆಂಗೇರಿ. 1957ರಲ್ಲಿ ಸ್ಥಾಪನೆಯಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಘಟಕದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ನೂತು ನೇಯ್ದ ಬಟ್ಟೆ ಬೆಂಗೇರಿಗೆ ಬಂದು, ಬಣ್ಣ ಹಾಕಿಸಿಕೊಂಡು, ಅಶೋಕ ಚಕ್ರ ಅಚ್ಚಾಗಿ, ಹೊಲಿಗೆಯಾಗಿ ದೇಶದ ಕಚೇರಿಗಳಿಗೆ ಹೋಗುತ್ತದೆ. ಕೆಲಸಗಾರರಲ್ಲಿ ಬಹುಪಾಲು ಹೆಂಗಸರು. ಭಾರತೀಯ ಮಾನಕ ಬ್ಯೂರೋದ ಪರವಾನಗಿ 2006ರಲ್ಲಿ ಸಿಕ್ಕಿತು. ನೂಲು, ಬಣ್ಣ, ಅಳತೆ ಎಲ್ಲಕ್ಕೂ ಪರೀಕ್ಷೆ, ಸ್ವಲ್ಪ ವ್ಯತ್ಯಾಸವಾದರೂ ತಿರಸ್ಕಾರ. ಇಷ್ಟೆಲ್ಲ ನಡೆಯುತ್ತಿದ್ದುದು ಧ್ವಜ ಸಂಹಿತೆಯಲ್ಲಿ ‘ಕೈಯಿಂದ ನೂತು, ಕೈಯಿಂದ ನೇಯ್ದ’ ಎಂಬ ಮಾತು ಇದ್ದುದರಿಂದ. 2021ರ ಡಿಸೆಂಬರ್ 30ರಂದು ಆ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಗೂ ಅವಕಾಶವಾಯಿತು. ಮನೆಮನೆಗೆ ಕಡಿಮೆ ಬೆಲೆಯಲ್ಲಿ ಧ್ವಜ ಸಿಗಲೆಂದು ಮಾಡಿದ್ದು ಎಂಬ ವಾದವಿದೆ, ಅದನ್ನು ತಳ್ಳಿಹಾಕಲು ಬರುವುದಿಲ್ಲ. ಬಡವನಿಗೂ ಧ್ವಜ ಹಾರಿಸುವ ಆಸೆ ಇರುತ್ತದೆ. ಆದರೆ 2022ರಲ್ಲಿ ಬೆಂಗೇರಿಯವರು ತಮ್ಮ ಬೇಡಿಕೆ ಕುಸಿಯಿತೆಂದು ಗೋಳಿಟ್ಟರು. ಮನೆಗಳ ಮಾತು ಬಿಡಿ, ವರ್ಷಕ್ಕೊಂದೆರಡು ಧ್ವಜ ಕೊಳ್ಳುವ ಕಚೇರಿಗಳು, ಶಾಲೆಗಳು, ನಮ್ಮಂಥ ಸಂಸ್ಥೆಗಳು ಖಾದಿಯದನ್ನೇ ಕೊಂಡರೆ ಯಾವ ಬೊಕ್ಕಸವೂ ಬರಿದಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೊರದೇಶದ್ದೂ ಒಂದು ಹೇಳಿಬಿಡುತ್ತೇನೆ. ಬ್ರೆಜಿಲ್ ದೇಶ 2009ರ ಕಾನೂನಿನಲ್ಲಿ ಶಾಲಾ ಊಟಕ್ಕೆ ಕೇಂದ್ರ ನಿಧಿ ಕೊಡುವ ಹಣದಲ್ಲಿ ಕನಿಷ್ಠ ಶೇ. 30ರಷ್ಟನ್ನು ಸಣ್ಣ ರೈತ ಕುಟುಂಬಗಳಿಂದ ಕೊಳ್ಳಲು ಖರ್ಚು ಮಾಡಬೇಕೆಂದು ಬರೆಯಿತು. ಮಕ್ಕಳ ತಟ್ಟೆಗೆ ತಾಜಾ ತರಕಾರಿ, ರೈತನಿಗೆ ಖಾತ್ರಿ ಗಿರಾಕಿ. ಬಿಸಿಯೂಟದ ಅಡುಗೆ ಕೋಣೆಯಲ್ಲಿ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ವ್ಯಾಪಾರಸ್ಥರು ಇಲ್ಲಿ ಬಹಳ ಜನ ಇದ್ದೀರಿ. ಇದು ಸರ್ಕಾರದ ವಿಷಯ, ನಮಗೇನು ಎಂದುಕೊಳ್ಳಬೇಡಿ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಗಾರ್ಮೆಂಟ್ ಕೆಲಸಗಾರರು ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಆರ್ಡರ್ ಮುಗಿಸಬೇಕೆಂದು ಒಳಗೆ ಕಳುಹಿಸಿದ್ದರು. ಅವರು ಹೊಲಿಯುತ್ತಿದ್ದ ಬಟ್ಟೆ ಹೋಗುತ್ತಿದ್ದುದು ಯುರೋಪ್, ಅಮೆರಿಕದ ದೊಡ್ಡ ಅಂಗಡಿಗಳಿಗೆ. ಆ ಮೇಲೆಯೇ ದೊಡ್ಡ ಬ್ರ್ಯಾಂಡುಗಳು ಕಾರ್ಮಿಕ ಸಂಘಗಳೊಂದಿಗೆ ಕಟ್ಟಡ ಸುರಕ್ಷತೆಯ ಒಪ್ಪಂದಕ್ಕೆ ಸಹಿ ಹಾಕಿದ್ದು. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ನಮ್ಮ ಎಷ್ಟು ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ ಎಂಬುದು ನಿಮಗೆ ಗೊತ್ತು. ಕೊಳ್ಳುವವನು ದರವನ್ನು ಹಿಂಡಿದರೆ ಆ ಹಿಂಡುವಿಕೆ ಕೊನೆಗೆ ತಲುಪುವುದು ಅವರ ಕುರ್ಚಿಯವರೆಗೆ. ನಮ್ಮ ದೇಶದಲ್ಲೂ ಷೇರುಪೇಟೆಯ ಮೊದಲ 1,000 ಕಂಪನಿಗಳು ತಮ್ಮ ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿ ಕೊಡುವುದನ್ನು ಸೆಬಿ 2022–23ರಿಂದ ಕಡ್ಡಾಯ ಮಾಡಿತು. ಸಣ್ಣ ಉದ್ದಿಮೆಗಳಿಂದ ಎಷ್ಟು ಮಾಲು ಕೊಂಡಿರಿ ಎಂಬ ಪ್ರಶ್ನೆಯೂ ಅದರಲ್ಲಿದೆ.

ಕೊಳ್ಳುವವರಿಗೆ ಇಷ್ಟು ಹೇಳಿದ ಮೇಲೆ ಮಾರುವವರಿಗೂ ಹೇಳಬೇಕು. ದರ್ಜಿ, ಬಡಗಿ, ಪ್ರಿಂಟಿಂಗ್ ಪ್ರೆಸ್, ವೆಲ್ಡಿಂಗ್ ಶಾಪ್, ಹೀಗೆ ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಸಣ್ಣ ಕಸುಬಿನವರು. ಕೇಂದ್ರ ಸಚಿವಾಲಯಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ಕಿರು ಹಾಗೂ ಸಣ್ಣ ಉದ್ದಿಮೆಗಳಿಂದ ಇಂತಿಷ್ಟು ಕೊಳ್ಳಬೇಕೆಂಬ ಆದೇಶ 2012ರಲ್ಲಿ ಬಂತು. 2018ರಲ್ಲಿ ಅದು ಶೇ. 25ಕ್ಕೆ ಏರಿತು, ಅದರೊಳಗೆ ಮಹಿಳೆಯರ ಉದ್ದಿಮೆಗಳಿಗೆಂದು ಶೇ. 3. ಇದರ ಲಾಭ ಸಿಗಬೇಕಾದರೆ ಉದ್ಯಮ್ ನೋಂದಣಿ ಬೇಕು. 2020ರ ಜುಲೈನಲ್ಲಿ ಆರಂಭವಾದ ಈ ನೋಂದಣಿ ಉಚಿತ. ಇದಕ್ಕೆಂದು 2,000 ರೂಪಾಯಿ ಕೊಟ್ಟು ಬಂದವರೊಬ್ಬರು ನನಗೆ ಗೊತ್ತು. ದಯವಿಟ್ಟು ಯಾರಿಗೂ ಕೊಡಬೇಡಿ. ನಮ್ಮ ಹತ್ತನೇ ತರಗತಿಯ ಮಕ್ಕಳು ಮೊಬೈಲಿನಲ್ಲೇ ಮಾಡಿಕೊಡುತ್ತಾರೆ.

ಇನ್ನೊಂದು ಮುಖ್ಯ ವಿಷಯ, ಇದನ್ನು ವಿದ್ಯಾರ್ಥಿಗಳು ಬರೆದುಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ನೋಂದಾಯಿತ ಕಿರು ಅಥವಾ ಸಣ್ಣ ಉದ್ದಿಮೆಯಿಂದ ಮಾಲು ಪಡೆದವರು ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ. ತಡಮಾಡಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ದೂರು ಕೇಳಲು ರಾಜ್ಯದಲ್ಲಿ ಮಂಡಳಿ ಇದೆ. ಕೊಳ್ಳುವವನು ಸರ್ಕಾರವಾಗಲಿ, ಕಂಪನಿಯಾಗಲಿ, ನಮ್ಮಂಥ ಸಂಸ್ಥೆಯಾಗಲಿ, ಕಾನೂನು ಒಂದೇ. ನನ್ನ ಅಮ್ಮಿಯ ಕಾಲದಲ್ಲಿ ಇದು ಇರಲಿಲ್ಲ. ಅಮ್ಮಿಯ ಗೆಳತಿಯ ಕಾಲದಲ್ಲಿ ಇತ್ತು, ಆದರೆ ಆಕೆ ನೋಂದಾಯಿಸಿರಲಿಲ್ಲ. ಆಕೆಗೆ ಯಾರೂ ಹೇಳಿರಲಿಲ್ಲ. ಓದಿದವರು ಪಕ್ಕದ ಬೀದಿಯಲ್ಲೇ ಇದ್ದೆವು.

ಈಗ ನಮ್ಮ ಸಂಸ್ಥೆಯ ಮಾತು. ಅಧ್ಯಕ್ಷರ ಅನುಮತಿಯಿದ್ದರೆ ಸ್ವಲ್ಪ ಬಿಚ್ಚಿ ಹೇಳುತ್ತೇನೆ. ಹೊಸ ಕಟ್ಟಡಕ್ಕೆ 40 ಫ್ಯಾನ್ ಕೊಳ್ಳುವ ಪ್ರಸ್ತಾಪ ಕಾರ್ಯಕಾರಿ ಸಮಿತಿಯ ಮುಂದಿದೆ. ನಾನು ಗಣಿತದ ಶಿಕ್ಷಕಿಯಲ್ಲ, ತಪ್ಪಿದ್ದರೆ ತಿದ್ದಿ. ಸಾಮಾನ್ಯ ಫ್ಯಾನ್ ಸುಮಾರು 75 ವ್ಯಾಟ್ ತೆಗೆದುಕೊಳ್ಳುತ್ತದೆ, ಬಿಎಲ್‌ಡಿಸಿ ಮೋಟಾರಿನದು ಸುಮಾರು 30. ದಿನಕ್ಕೆ ಆರು ಗಂಟೆ, ವರ್ಷಕ್ಕೆ 200 ದಿನ ಎಂದರೆ ಒಂದು ಫ್ಯಾನಿಗೆ 54 ಯೂನಿಟ್ ಉಳಿತಾಯ. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿಯೋಣ, 432 ರೂಪಾಯಿ. 40 ಫ್ಯಾನಿಗೆ ವರ್ಷಕ್ಕೆ 17,280. ಒಂದು ಫ್ಯಾನಿನ ಬೆಲೆಯಲ್ಲಿ ವ್ಯತ್ಯಾಸ 1,300 ರೂಪಾಯಿ ಇದ್ದರೆ ಮೂರು ವರ್ಷಕ್ಕೆ ಅದು ಹಿಂದಕ್ಕೆ ಬರುತ್ತದೆ. ಫ್ಯಾನ್ ಅದಕ್ಕಿಂತ ಹೆಚ್ಚು ಬಾಳುತ್ತದೆ. ಆದರೆ ಕೊಟೇಶನ್ನಿನಲ್ಲಿ ಬೆಲೆಯ ಕಾಲಂ ಮಾತ್ರ ಇದೆ, ಕರೆಂಟ್ ಬಿಲ್ಲಿನ ಕಾಲಂ ಇಲ್ಲ. ಅದೊಂದು ಕಾಲಂ ಸೇರಿಸಿ ಎಂದು ನನ್ನ ಬಿನ್ನಹ.

ಬೆಂಚುಗಳ ವಿಷಯಕ್ಕೆ ಪುಸ್ತಕ ಬೇಡ, ಗುಜರಿ ಅಂಗಡಿಯವರನ್ನು ಕೇಳಿ. ನಮ್ಮಲ್ಲೇ ಆ ಕಸುಬಿನವರು ಹಲವರಿದ್ದಾರೆ. ಯಾವ ಬೆಂಚು ಎರಡು ವರ್ಷಕ್ಕೆ ಅವರ ಅಂಗಳಕ್ಕೆ ಬರುತ್ತದೆ, ಯಾವುದು ಇಪ್ಪತ್ತು ವರ್ಷವಾದರೂ ಬರುವುದಿಲ್ಲ ಎಂಬುದು ಯಾವ ಎಂಜಿನಿಯರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಖರೀದಿ ಸಮಿತಿಯಲ್ಲಿ ಅಂಥ ಒಬ್ಬರನ್ನು ಕೂರಿಸಿಕೊಳ್ಳಬೇಕು ಎಂದು ನಾನು ತಮಾಷೆಗೆ ಹೇಳುತ್ತಿಲ್ಲ.

ಇನ್ನು ಇವತ್ತಿನ ಸಭೆ. ಬಾಗಿಲಲ್ಲಿ ಫ್ಲೆಕ್ಸ್ ಇದೆ, ಚಹಾಕ್ಕೆ ಪ್ಲಾಸ್ಟಿಕ್ ಲೋಟ ತಂದಿದ್ದಾರೆ. ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆ ಬಂದಿದೆ. ದೇಶದಾದ್ಯಂತ 2022ರ ಜುಲೈ 1ರಿಂದ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ, 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರ್ ನಿಷೇಧವಾಗಿವೆ. ಹೊಸ್ತಿಲಲ್ಲೇ ಇದನ್ನು ಇಟ್ಟುಕೊಂಡು ನಾನು ಪರಿಸರದ ಭಾಷಣ ಮಾಡುತ್ತಿದ್ದೇನೆ. ವ್ಯವಸ್ಥೆ ಮಾಡಿದ ತಮ್ಮಂದಿರು ಬೇಸರ ಮಾಡಿಕೊಳ್ಳಬಾರದು. ನಮ್ಮ ಮದುವೆಗಳಿಗೆ ಪಾತ್ರೆ ಬಾಡಿಗೆಗೆ ಕೊಡುವವರು ಎರಡು ಬೀದಿ ಆಚೆ ಇದ್ದಾರೆ, ಸ್ಟೀಲ್ ಲೋಟ ಅವರಲ್ಲಿ ಸಿಗುತ್ತದೆ. ತೊಳೆಯುವ ಕೂಲಿ ಕೊಡಬೇಕಾಗುತ್ತದೆ, ನಿಜ. ಆ ಕೂಲಿ ನಮ್ಮ ಬೀದಿಯಲ್ಲೇ ಉಳಿಯುತ್ತದೆ.

ಮುಂದಿನ ಜೂನ್‌ಗೆ ನಮ್ಮ ಶಾಲೆಯ ಸಮವಸ್ತ್ರದ ಆರ್ಡರ್ ಕೊಡಬೇಕು. ಈ ಸಲ ಕೊಟೇಶನ್ ಪತ್ರದ ಕರಡನ್ನು ಬರೆಯಲು ನನಗೇ ಹೇಳಿದ್ದಾರೆ, ಅಕ್ಷರ ಚೆನ್ನಾಗಿದೆ ಎಂಬ ಅದೇ ಕಾರಣಕ್ಕೆ. ಬಟ್ಟೆಯ ಗುಣ, ಹೊಲಿಗೆಯ ಬಗೆ, ಒಂದು ಜೊತೆಗೆ ಹೊಲಿಯುವವರಿಗೆ ಕೊಡುವ ಕೂಲಿ ಎಷ್ಟು ಎಂಬ ಪ್ರತ್ಯೇಕ ಕಾಲಂ, ಮಾಲು ಬಂದ 15 ದಿನದೊಳಗೆ ಹಣ ಎಂಬ ನಮ್ಮ ಕಡೆಯ ಮಾತು, ಇಷ್ಟನ್ನು ಸೇರಿಸಿದ್ದೇನೆ. ಖಜಾಂಚಿಗಳು ಕೊನೆಯ ಸಾಲನ್ನು ನೋಡಿ ಕನ್ನಡಕ ತೆಗೆದರು. ಇನ್ನೂ ಒಪ್ಪಿಲ್ಲ.

ಹೊರಗೆ ಚಹಾದ ಮೇಜಿನ ಪಕ್ಕದಲ್ಲಿ ಮೂರು ಮಾದರಿ ಬಟ್ಟೆ ಇಟ್ಟಿದ್ದೇನೆ. ಮೂರನ್ನೂ ಅಮ್ಮಿ ಮನೆಯಲ್ಲಿ ಹತ್ತು ಸಲ ಒಗೆದು ಒಣಗಿಸಿದ್ದಾರೆ. ದರದ ಚೀಟಿಯನ್ನು ಅದರ ಮೇಲೆ ಅಂಟಿಸಿಲ್ಲ, ಕೆಳಗೆ ಮಡಚಿಟ್ಟಿದ್ದೇನೆ. ಹೋಗುವಾಗ ಮೊದಲು ಬಟ್ಟೆ ಮುಟ್ಟಿ, ಎಳೆದು ನೋಡಿ, ಯಾವುದು ಬೇಕೆಂದು ಪಕ್ಕದ ವಹಿಯಲ್ಲಿ ಬರೆಯಿರಿ. ಆಮೇಲೆ ಚೀಟಿ ಬಿಚ್ಚಿ.